20 ಪರ್ಸೆಂಟ್ ಇರಲಿ, ಗುಳಿಗಿಯೊಳಗ ಏನೈತ್ರಿ?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ಸುಗ್ಗಿ ಶುರುವಾಯಿತೆಂದರೆ ಮೆಡಿಕಲ್ ಅಂಗಡಿಗಳಲ್ಲೂ ಗಿರಾಕಿ ಹೆಚ್ಚು. ಸೋಮವಾರ, ಗುರುವಾರದ ಮಾರುಕಟ್ಟೆಗೆ ಆಂಧ್ರದ ಕಡೆಯಿಂದಲೂ ಚೀಲಗಳು ಬಂದು ಬೀಳುತ್ತವೆ. ಚೀಲ ಹೊತ್ತ ಹಮಾಲರು, ದಿನವಿಡೀ ಕೂತು ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಸಂಜೆ ಹೊತ್ತಿಗೆ ಕಣ್ಣುರಿ, ಗಂಟಲುರಿ, ಕೆಮ್ಮು ಹೊತ್ತು ಅಂಗಡಿಗೆ ಬರುತ್ತಾರೆ. “ಕೆಮ್ಮಿಗೆ ಏನರ ಕೊಡ್ರಿ ಅಣ್ಣಾರ.” ಒಂದು ಬಾಟ್ಲಿ, ಕತ್ತರಿಸಿದ ನಾಲ್ಕು ಗುಳಿಗೆ, ಬಾಯಿಲೆಕ್ಕದಲ್ಲಿ ದುಡ್ಡು. ಚೀಟಿಯೂ ಇಲ್ಲ, ಬಿಲ್ಲೂ ಇಲ್ಲ. ಎರಡು ನಿಮಿಷದ ವ್ಯವಹಾರ.

ರಾಣೆಬೆನ್ನೂರಿನಲ್ಲೋ ಹಾವೇರಿಯಲ್ಲೋ ಗಾಜಿನ ಬಾಗಿಲಿನ ಅಂಗಡಿಗೆ ಹೋದರೆ ಚಿತ್ರ ಬೇರೆ. ಎಸಿ, ಕಂಪ್ಯೂಟರ್ ಬಿಲ್ಲು, ಸಮವಸ್ತ್ರ ತೊಟ್ಟ ಹುಡುಗ ಹುಡುಗಿಯರು. ಮೊದಲ ಪ್ರಶ್ನೆ “ಮೊಬೈಲ್ ನಂಬರ್ ಹೇಳ್ರಿ.” ಕೊನೆಗೆ ಬಿಲ್ಲಿನ ಬುಡದಲ್ಲಿ “ಇಂದು ನೀವು ಉಳಿಸಿದ್ದು ಇಷ್ಟು” ಎಂಬ ಸಾಲು. ಅಪೊಲೊ ಫಾರ್ಮಸಿ 1987ರಲ್ಲಿ ಶುರುವಾಯಿತು, ಮೆಡ್‌ಪ್ಲಸ್ 2006ರಲ್ಲಿ ಹೈದರಾಬಾದಿನಲ್ಲಿ. ಇಂಥ ಸರಣಿ ಅಂಗಡಿಗಳ ರೂಢಿಯೇ ಈಗ ಸಣ್ಣ ಊರುಗಳಿಗೂ ಇಳಿದಿದೆ. ಎದುರಿಗಿನ ಹಳೆಯ ಅಂಗಡಿಯವರೂ ಬಾಗಿಲಿಗೆ “10% ರಿಯಾಯಿತಿ” ಎಂದು ಚೀಟಿ ಅಂಟಿಸಿದ್ದಾರೆ.

ಎಲ್ಲಿ ಕೊಂಡರೆ ಒಳ್ಳೆಯದು ಎಂದು ಜನ ಕೇಳುತ್ತಾರೆ. ಪರಿಚಯದ ಅಂಗಡಿಯವರು ಉದ್ರಿ ಕೊಡುತ್ತಾರೆ, ರಾತ್ರಿ ಮನೆಗೆ ಹೋಗಿ ಕರೆದರೂ ಎದ್ದು ಬರುತ್ತಾರೆ. ಸರಣಿ ಅಂಗಡಿಯಲ್ಲಿ ಬಿಲ್ಲು ಪಕ್ಕಾ, ದರದಲ್ಲಿ ಕಡಿತ. ಆದರೆ ಕಾನೂನಿನ ಕಣ್ಣಿಗೆ ಎರಡೂ ಒಂದೇ. ಎರಡಕ್ಕೂ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆಯಡಿ ನಮೂನೆ 20 ಮತ್ತು 21ರ ಲೈಸೆನ್ಸ್ ಬೇಕು, ಅದನ್ನು ಗಿರಾಕಿಗೆ ಕಾಣುವಂತೆ ತೂಗುಹಾಕಬೇಕು. ವೈದ್ಯರ ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಾಸಿಸ್ಟ್‌ನ ಮೇಲ್ವಿಚಾರಣೆಯಲ್ಲೇ ಕೊಡಬೇಕು. 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಗಳ ಪ್ರಕಾರ ಆ ಫಾರ್ಮಾಸಿಸ್ಟ್ ಬಿಳಿ ಕೋಟು ತೊಟ್ಟಿರಬೇಕು, ಹೆಸರು ಮತ್ತು ನೋಂದಣಿ ಸಂಖ್ಯೆಯ ಬ್ಯಾಡ್ಜ್ ಹಾಕಿರಬೇಕು. ಹೀಗಾಗಿ ಅಂಗಡಿಗೆ ಹೋದವರು ಕೇಳಬೇಕಾದ್ದು ಎರಡೇ: ಕೊಡುತ್ತಿರುವವರು ಯಾರು, ಕೊಟ್ಟದ್ದರ ಒಳಗೆ ಇರುವುದೇನು. ರಿಯಾಯಿತಿಯ ಮಾತು ಆಮೇಲೆ. “ಫಾರ್ಮಾಸಿಸ್ಟ್ ಯಾರ್ರಿ?” ಎಂದು ಮೆತ್ತಗೆ ಕೇಳಿ. ಕೇಳುವುದು ಜಗಳವಲ್ಲ. ಬಿಳಿ ಕೋಟಿಲ್ಲದ ಹುಡುಗ ಒಳಗೆ ಹೋಗಿ ಯಾರನ್ನಾದರೂ ಕರೆತಂದರೆ ನಿಮ್ಮ ಕೆಲಸ ಅರ್ಧ ಆದಂತೆ.

ರಿಯಾಯಿತಿಯ ಲೆಕ್ಕ

20 ಪರ್ಸೆಂಟ್ ಕಡಿತ ಎನ್ನುವಾಗ, ಯಾವುದರ ಮೇಲಿನ 20 ಪರ್ಸೆಂಟ್? ಎಂಆರ್‌ಪಿ ಮೇಲಿನದು. ಆ ಎಂಆರ್‌ಪಿ ಎಷ್ಟಿರಬೇಕೆಂದು ತೀರ್ಮಾನಿಸಿದವರು ಯಾರು ಎಂಬುದರ ಮೇಲೆ ಎಲ್ಲವೂ ನಿಂತಿದೆ.

ಅಗತ್ಯ ಔಷಧಿಗಳ ರಾಷ್ಟ್ರೀಯ ಪಟ್ಟಿಯಲ್ಲಿರುವ ಔಷಧಿಗಳಿಗೆ 2013ರ ಬೆಲೆ ನಿಯಂತ್ರಣ ಆದೇಶದಡಿ ರಾಷ್ಟ್ರೀಯ ಔಷಧ ಬೆಲೆ ಪ್ರಾಧಿಕಾರ, ಅಂದರೆ ಎನ್‌ಪಿಪಿಎ, ಗರಿಷ್ಠ ದರ ಕಟ್ಟುತ್ತದೆ. ಆ ಲೆಕ್ಕದಲ್ಲೇ ಚಿಲ್ಲರೆ ಅಂಗಡಿಯವರಿಗೆ ಶೇ 16ರ ಲಾಭಾಂಶ ಸೇರಿರುತ್ತದೆ. ಪಟ್ಟಿಯಾಚೆಯ ಔಷಧಿಗಳಿಗೆ ಕಂಪನಿಯೇ ಆರಂಭದ ದರ ಇಡುತ್ತದೆ. ಆಮೇಲೆ ವರ್ಷಕ್ಕೆ ಶೇ 10ಕ್ಕಿಂತ ಹೆಚ್ಚು ಏರಿಸುವಂತಿಲ್ಲ ಅಷ್ಟೆ. ಹಾಗಾಗಿ ಒಂದೇ ಔಷಧಿ, ಒಂದೇ ಪ್ರಮಾಣ, ಬೇರೆ ಬೇರೆ ಕಂಪನಿ ಎಂದರೆ ಬೆಲೆಯೂ ಬೇರೆ ಬೇರೆ.

ಈಗ ಒಂದು ಕಲ್ಪಿತ ಲೆಕ್ಕ. ಒಂದು ಕಂಪನಿಯ ಹತ್ತು ಗುಳಿಗೆಯ ಶೀಟು 60 ರೂಪಾಯಿ, ರಿಯಾಯಿತಿ ಇಲ್ಲ. ಇನ್ನೊಂದು ಕಂಪನಿಯ ಅದೇ ಗುಳಿಗೆಗೆ ಎಂಆರ್‌ಪಿ 120, ಅಂಗಡಿಯವರು ಶೇ 40 ಬಿಟ್ಟು 72ಕ್ಕೆ ಕೊಡುತ್ತಾರೆ. ಬಿಲ್ಲಿನ ಬುಡದಲ್ಲಿ “ಉಳಿಸಿದ್ದು 48” ಎಂದಿರುತ್ತದೆ. ಕೈಯಿಂದ ಹೋದದ್ದು ಮಾತ್ರ 12 ರೂಪಾಯಿ ಹೆಚ್ಚು. ಕಡಿತದ ಶೇಕಡಾವಾರು ಇದನ್ನು ಎಂದೂ ಹೇಳುವುದಿಲ್ಲ. ಹೋಲಿಸಬೇಕಾದ್ದು ಒಂದು ಗುಳಿಗೆಗೆ ಕೊನೆಗೆ ಬಿದ್ದ ದರವನ್ನು. ಎನ್‌ಪಿಪಿಎಯ ‘ಫಾರ್ಮಾ ಸಹಿ ದಾಮ್’ ಆ್ಯಪ್‌ನಲ್ಲಿ ಹೆಸರು ಹಾಕಿದರೆ ದರವೂ ಅದೇ ಔಷಧಿಯ ಬೇರೆ ಬ್ರ್ಯಾಂಡ್‌ಗಳೂ ಕಾಣುತ್ತವೆ. ಸಕ್ಕರೆ ಕಾಯಿಲೆ, ಬಿಪಿಯ ಗುಳಿಗೆಯನ್ನು ತಿಂಗಳು ತಿಂಗಳು ಕೊಳ್ಳುವವರು ಒಮ್ಮೆ ಕೂತು ಇದನ್ನು ನೋಡಿಕೊಂಡರೆ ಸಾಕು, ವರ್ಷಪೂರ್ತಿ ಉಪಯೋಗಕ್ಕೆ ಬರುತ್ತದೆ.

ಹಾಗಾದರೆ ಸರಣಿ ಅಂಗಡಿಯವರ ರಿಯಾಯಿತಿ ಬರೀ ಬೊಗಳೆಯೇ? ಅಲ್ಲ. ಅವರು ದೊಡ್ಡ ಪ್ರಮಾಣದಲ್ಲಿ, ನಡುವಿನ ಕೈಗಳನ್ನು ತಪ್ಪಿಸಿ ಕೊಳ್ಳುತ್ತಾರೆ. ಉಳಿದದ್ದರಲ್ಲಿ ಒಂದು ಪಾಲನ್ನು ಗಿರಾಕಿಗೆ ಬಿಡುತ್ತಾರೆ. ನೀವು ಬರೆಸಿಕೊಂಡು ಬಂದ ಬ್ರ್ಯಾಂಡನ್ನೇ ಕೊಟ್ಟು ಶೇ 15ರಿಂದ 20 ಬಿಟ್ಟರೆ ಅದು ನಿಜವಾದ ಉಳಿತಾಯ. ಇದೇ ಅಂಗಡಿಗಳು ತಮ್ಮದೇ ಹೆಸರಿನಲ್ಲಿ ಮಾಡಿಸಿದ ಔಷಧಿ, ವಿಟಮಿನ್, ಪ್ರೋಟೀನ್ ಪುಡಿಗಳನ್ನೂ ಇಟ್ಟಿರುತ್ತವೆ, ಅವುಗಳಲ್ಲಿ ಲಾಭ ಹೆಚ್ಚು. ಸಣ್ಣ ಅಂಗಡಿಯಲ್ಲಿ ಇದೇ ಕೆಲಸವನ್ನು ಹೆಸರು ಕೇಳದ ಕಂಪನಿಯ ಶೀಟುಗಳು ಮಾಡುತ್ತವೆ: ಮೇಲೆ ದೊಡ್ಡ ಎಂಆರ್‌ಪಿ, ಅಂಗಡಿಗೆ ಬಿದ್ದ ಬೆಲೆ ತೀರ ಕಡಿಮೆ. “ನಿಮಗಂತ ಅರ್ಧಾ ರೇಟಿಗೆ ಕೊಡ್ತೀನ್ರಿ” ಎಂಬ ಔದಾರ್ಯ ಅಲ್ಲಿಂದ ಬರುತ್ತದೆ. ಪ್ರೋಟೀನ್ ಡಬ್ಬಿಯ ವಿಚಾರ ಬೇರೆಯೇ. ಎಫ್‌ಎಸ್‌ಎಸ್‌ಎಐ ಸಂಖ್ಯೆ ಇದ್ದರೆ ಅದು ಆಹಾರ, ಔಷಧಿಯಲ್ಲ. ಕೌಂಟರಿನಲ್ಲಿರುವವರು ಹೇಳಿದರೆಂದು ಕೊಳ್ಳಬೇಕಿಲ್ಲ.

ಇನ್ನೊಂದು ಲೆಕ್ಕ ಇತ್ತೀಚಿನದು. 2025ರ ಸೆಪ್ಟೆಂಬರ್ 22ರಿಂದ ಔಷಧಿಗಳ ಮೇಲಿನ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಜೀವರಕ್ಷಕ ಎನಿಸಿದ ಕೆಲವಕ್ಕೆ ಪೂರ್ತಿ ಮನ್ನಾ. ಅದಕ್ಕೂ ಮೊದಲು ತಯಾರಾದ ಶೀಟಿನ ಮೇಲೆ ಹಳೆಯ ಎಂಆರ್‌ಪಿಯೇ ಅಚ್ಚಾಗಿರುತ್ತದೆ. ಗುಳಿಗೆಗಳ ಆಯುಷ್ಯ ಎರಡು–ಮೂರು ವರ್ಷ, ಆದ್ದರಿಂದ ಅಂಥ ಶೀಟು ಇನ್ನೂ ಕೈಗೆ ಬರಬಹುದು. ಮೇಲೆ ಏನೇ ಇದ್ದರೂ ಮಾರಬೇಕಾದ್ದು ಇಳಿದ ದರಕ್ಕೆ. ಶೇ 12 ತೆರಿಗೆ ಸೇರಿ 112 ರೂಪಾಯಿ ಇದ್ದದ್ದು ಈಗ 105. ಆ ಏಳು ರೂಪಾಯಿಯನ್ನೇ ಅಂಗಡಿಯ ರಿಯಾಯಿತಿ ಎಂದು ತೋರಿಸಿದರೆ ನಗುತ್ತಲೇ ಹೇಳಿ: “ಅದು ಸರ್ಕಾರ ಬಿಟ್ಟಿದ್ರಿ, ನೀವು ಬಿಡೋದ ಹೇಳ್ರಿ.”

“ಅದ ಕಂಪನಿದು ಇಲ್ರಿ”

ಮೂರೂ ಊರುಗಳಲ್ಲಿ, ಎಲ್ಲ ಬಗೆಯ ಅಂಗಡಿಗಳಲ್ಲಿ ಕಿವಿಗೆ ಬೀಳುವ ಮಾತಿದು. “ಅದ ಕಂಪನಿದು ಇಲ್ರಿ, ಬ್ಯಾರೆ ಕಂಪನಿದು ಐತಿ. ಅದರಾಗ ಇರೋದ ಇದರಾಗೂ ಐತಿ.” ಹತ್ತರಲ್ಲಿ ಒಂಬತ್ತು ಸಲ ಮಾತು ನಿಜವಿರಬಹುದು. ಆದರೆ 1945ರ ಔಷಧ ನಿಯಮಗಳ 65(11ಎ) ಉಪನಿಯಮ ಹೇಳುವುದೇ ಬೇರೆ: ಚೀಟಿ ಕಡ್ಡಾಯವಾದ ಶೆಡ್ಯೂಲ್ ಎಚ್ ಮತ್ತು ಎಕ್ಸ್‌ನ ಔಷಧಿಯನ್ನು ವೈದ್ಯರು ಬರೆದುಕೊಟ್ಟಿದ್ದರೆ, ಒಳಗಿರುವ ವಸ್ತು ಒಂದೇ ಆಗಿದ್ದರೂ ಅದರ ಬದಲು ಇನ್ನೊಂದನ್ನು ಅಂಗಡಿಯವರು ಕೊಡುವಂತಿಲ್ಲ. ಬಿಪಿ, ಸಕ್ಕರೆ, ಆ್ಯಂಟಿಬಯೋಟಿಕ್ ಗುಳಿಗೆಗಳಲ್ಲಿ ಹೆಚ್ಚಿನವು ಶೆಡ್ಯೂಲ್ ಎಚ್‌ನಲ್ಲೇ ಬರುತ್ತವೆ. ಅಂದರೆ ದಿನಬೆಳಗಾದರೆ ನಡೆಯುವ ಈ ಬದಲಾವಣೆಗೆ ವೈದ್ಯರ ಒಪ್ಪಿಗೆ ಬೇಕು.

ನಿಯಮ ಹಾಗಿದೆ, ಬದುಕು ಹೀಗಿದೆ. ಮೆಡ್ಲೇರಿಯಿಂದಲೋ ಕಾಗಿನೆಲೆಯಿಂದಲೋ ಬಸ್ಸು ಹಿಡಿದು ಬಂದವರು ಒಂದು ಬ್ರ್ಯಾಂಡಿಗಾಗಿ ಎಷ್ಟು ಅಂಗಡಿ ಸುತ್ತಿಯಾರು? ಅಂಥ ಹೊತ್ತಿನಲ್ಲಿ ನೋಡಿಕೊಳ್ಳಬೇಕಾದ್ದನ್ನು ಹೇಳುತ್ತೇನೆ. ಮೊದಲು ಒಳಗಿನ ಔಷಧಿಯ ಹೆಸರು. 2018ರ ಸೆಪ್ಟೆಂಬರ್‌ನಿಂದ ಜನರಿಕ್ ಹೆಸರನ್ನು ಬ್ರ್ಯಾಂಡ್ ಹೆಸರಿಗಿಂತ ಎರಡು ಅಳತೆ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಬೇಕೆಂಬ ನಿಯಮ ಬಂದಿದೆ, ಹೆಚ್ಚಿನ ಶೀಟುಗಳಲ್ಲಿ ಹುಡುಕುವುದು ಕಷ್ಟವಿಲ್ಲ. ಎರಡನೆಯದು ಮಿಲಿಗ್ರಾಂ. ಗ್ಲಿಮೆಪಿರೈಡ್ 1 ಮತ್ತು 2ರ ಶೀಟುಗಳನ್ನು ಅಕ್ಕಪಕ್ಕ ಇಟ್ಟರೆ ಓದು ಬಲ್ಲವರಿಗೂ ಗೊಂದಲವಾಗುತ್ತದೆ. ಒಂದರ ಬದಲು ಇನ್ನೊಂದು ಬಂದರೆ ಸಕ್ಕರೆ ದಿಢೀರನೆ ಇಳಿದು ಮನುಷ್ಯ ಹೊಲದಲ್ಲೇ ಬಿದ್ದಾನು.

ಮೂರನೆಯದನ್ನು ಬಹಳ ಜನ ನೋಡುವುದೇ ಇಲ್ಲ, ಅದು ಹೆಸರಿನ ಬಾಲ. ಟೆಲ್ಮಿಸಾರ್ಟನ್ ಗುಳಿಗೆಯ ಹೆಸರಿನ ಮುಂದೆ ‘ಎಚ್’ ಇದ್ದರೆ ಸಾಮಾನ್ಯವಾಗಿ ಮೂತ್ರ ಹೆಚ್ಚಿಸುವ ಹೈಡ್ರೋಕ್ಲೋರೋಥಯಾಝೈಡ್ ಸೇರಿದೆ ಎಂದರ್ಥ. ‘ಎಎಂ’ ಇದ್ದರೆ ಆಮ್ಲೋಡಿಪಿನ್ ಸೇರಿದೆ. ಸಕ್ಕರೆ ಗುಳಿಗೆಯ ‘ಎಂ’ ಎಂದರೆ ಮೆಟ್‌ಫಾರ್ಮಿನ್. ‘ಎಸ್‌ಆರ್’, ‘ಎಕ್ಸ್‌ಆರ್’, ‘ಇಆರ್’ ಎಂದರೆ ನಿಧಾನವಾಗಿ ಕರಗುವ ಗುಳಿಗೆ, ಅದನ್ನು ಅರೆದು ಕೊಡುವಂತಿಲ್ಲ. ನುಂಗಲಾಗದ ಅಜ್ಜಿಗೆ ಗುಳಿಗೆಯನ್ನು ಪುಡಿಮಾಡಿ ಜೇನಿನಲ್ಲಿ ಕೊಡುವ ಮನೆಗಳು ನಮ್ಮಲ್ಲಿ ಬೇಕಾದಷ್ಟಿವೆ, ಅದಕ್ಕೇ ಹೇಳಿದೆ. ಬಾಲ ಬದಲಾದರೆ ಔಷಧಿಯೇ ಬದಲಾಯಿತು ಎಂದು ತಿಳಿಯಿರಿ.

ಮೂರ್ಛೆ ರೋಗದ ಗುಳಿಗೆ, ಥೈರಾಯ್ಡ್‌ನ ಲೆವೋಥೈರಾಕ್ಸಿನ್, ರಕ್ತ ತೆಳುವಾಗಿಸುವ ವಾರ್ಫರಿನ್ ಇವುಗಳಲ್ಲಿ ಕಂಪನಿಯನ್ನೂ ಬದಲಿಸಬೇಡಿ. ಇವುಗಳಲ್ಲಿ ಪ್ರಮಾಣ ಕೂದಲೆಳೆಯಷ್ಟು ಆಚೀಚೆಯಾದರೂ ಪರಿಣಾಮ ಕಾಣುತ್ತದೆ. ಬದಲಿಸಲೇಬೇಕಾಗಿ ಬಂದರೆ ವೈದ್ಯರಿಗೆ ಹೇಳಿಯೇ ಬದಲಿಸಿ. ಖಾಲಿ ಶೀಟಿನ ಫೋಟೊ ಮೊಬೈಲಿನಲ್ಲಿರಲಿ. “ಗುಲಾಬಿ ಬಣ್ಣದ ಸಣ್ಣ ಗುಳಿಗಿ ಕೊಡ್ರಿ” ಎಂದು ಕೇಳುವ ಗಿರಾಕಿಗೆ ಅಂಗಡಿಯವರು ಊಹೆಯ ಮೇಲೇ ಕೊಡಬೇಕಾಗುತ್ತದೆ. ಅವರನ್ನು ಬೈದು ಪ್ರಯೋಜನವಿಲ್ಲ.

ವೈದ್ಯರ ಅಕ್ಷರದ ಬಗ್ಗೆಯೂ ಒಂದು ಮಾತು. ಔಷಧಿಯ ಜನರಿಕ್ ಹೆಸರನ್ನು ಓದಲು ಬರುವಂತೆ, ಸಾಧ್ಯವಾದರೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ವೈದ್ಯಕೀಯ ಪರಿಷತ್ತು 2016ರಲ್ಲೇ ನಿಯಮ ತಿದ್ದಿದೆ. 2023ರಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ತಂದ ಇನ್ನೂ ಕಟ್ಟುನಿಟ್ಟಿನ ನಿಯಮಗಳು ವಿರೋಧದಿಂದಾಗಿ ಅದೇ ಆಗಸ್ಟ್‌ನಲ್ಲಿ ತಡೆಹಿಡಿಯಲ್ಪಟ್ಟವು, ಹಳೆಯದು ಉಳಿದಿದೆ. “ಡಾಕ್ಟರ, ಗುಳಿಗಿ ಹೆಸರ ತಿಳಿಯೋಹಂಗ ಬರದ್ ಕೊಡ್ರಿ” ಎಂದು ಕೇಳಲು ಹಿಂಜರಿಕೆ ಬೇಡ. ತಮ್ಮ ಕಟ್ಟಡದ ಕೆಳಗಿನ ಒಂದೇ ಅಂಗಡಿಯಲ್ಲಿ ಬಿಟ್ಟರೆ ಊರಲ್ಲೆಲ್ಲೂ ಸಿಗದ ಬ್ರ್ಯಾಂಡನ್ನು ಬರೆಯುವ ಆಸ್ಪತ್ರೆಗಳೂ ಇವೆ. ಅಲ್ಲಿ ಈ ಮಾತನ್ನು ಕೇಳಲೇಬೇಕು. ಆಸ್ಪತ್ರೆಯ ಸ್ವಂತ ಮೆಡಿಕಲ್‌ನಲ್ಲೇ ಕೊಳ್ಳುವಂತೆ ಒತ್ತಾಯಿಸುವ ವಿಷಯ ಸುಪ್ರೀಂ ಕೋರ್ಟಿನ ತನಕ ಹೋಗಿತ್ತು. 2025ರ ಮಾರ್ಚ್‌ನಲ್ಲಿ ನ್ಯಾಯಾಲಯ ತಾನೇ ನಿರ್ಬಂಧ ಹಾಕದೆ, ನೀತಿ ರೂಪಿಸುವ ಕೆಲಸವನ್ನು ರಾಜ್ಯಗಳಿಗೆ ಬಿಟ್ಟಿತು. ರೋಗಿ ಮಂಚದ ಮೇಲಿರುವಾಗ ವಾದ ಮಾಡುವುದು ಯಾರಿಗೂ ಆಗದು. ಬಿಲ್ಲು ಮಾತ್ರ ಬಿಡಬೇಡಿ.

ಶೀಟು ಕತ್ತರಿಸುವ ತಕರಾರು

“ಪೂರ್ತಿ ಶೀಟ ತಗೋರಿ, ಕಟ್ ಮಾಡಂಗಿಲ್ಲ.” ಕೂಲಿ ದುಡ್ಡಿನಲ್ಲಿ ಮೂರು ದಿನದ ಔಷಧಿ ಕೊಳ್ಳಲು ಬಂದವರಿಗೆ ಇದು ನಿಜವಾದ ಕಷ್ಟ. ಶೀಟು ಕತ್ತರಿಸಿ ಮಾರಬಾರದೆಂದು ಬೆಲೆ ನಿಯಂತ್ರಣ ಆದೇಶ ಹೇಳುವುದಿಲ್ಲ. ಬಿಡಿಯಾಗಿ ಮಾರಿದರೆ ಎಷ್ಟು ದರ ಎಂಬುದನ್ನು ಮಾತ್ರ ಹೇಳುತ್ತದೆ. 15 ಗುಳಿಗೆಗೆ 150 ರೂಪಾಯಿ ಇದ್ದರೆ ನಾಲ್ಕಕ್ಕೆ 40, ಮೇಲೊಂದು ರೂಪಾಯಿಯೂ ಇಲ್ಲ. ಸಕಾರಣವಿಲ್ಲದೆ ಔಷಧಿ ಮಾರಲು ನಿರಾಕರಿಸುವಂತಿಲ್ಲ ಎಂಬುದೂ ಅದೇ ಆದೇಶದಲ್ಲಿದೆ.

ಅಂಗಡಿಯವರ ಕಡೆಯಿಂದಲೂ ನೋಡಬೇಕು. ಅಂಚಿನ ಎಕ್ಸ್‌ಪೈರಿ, ಬ್ಯಾಚ್ ನಂಬರಿನ ಭಾಗ ಒಬ್ಬ ಗಿರಾಕಿಯ ಪಾಲಾದರೆ ಉಳಿದ ತುಂಡು ಮಾರಾಟಕ್ಕೂ ಬರದು, ಕಂಪನಿಗೆ ಹಿಂದಿರುಗಿಸಲೂ ಬರದು. ಆದ್ದರಿಂದ ಅವರು ಇನ್ನೊಂದು ತುದಿಯಿಂದ ಕತ್ತರಿಸಿ ಕೊಡುತ್ತಾರೆ, ನಿಮ್ಮ ಕೈಯಲ್ಲಿರುವ ತುಂಡಿನಲ್ಲಿ ತಾರೀಕೇ ಇರುವುದಿಲ್ಲ. ಕತ್ತರಿಸುವ ಮೊದಲು ಪೂರ್ತಿ ಶೀಟನ್ನು ಕೈಗೆ ಇಸಿದುಕೊಂಡು ತಾರೀಕು ನೋಡಿ, ಬಿಲ್ಲಿನಲ್ಲಿ ಅದನ್ನು ಬರೆಸಿ. ಎಕ್ಸ್‌ಪೈರಿ 06/2027 ಎಂದಿದ್ದರೆ ಆ ಜೂನ್ ತಿಂಗಳ ಕೊನೆಯ ದಿನದವರೆಗೆ ಎಂದರ್ಥ. ತಾರೀಕೇ ಇಲ್ಲದ ತುಂಡುಗಳನ್ನು ಮನೆಯ ಡಬ್ಬಿಯಲ್ಲಿ ವರ್ಷಗಟ್ಟಲೆ ಕೂಡಿಡಬೇಡಿ.

ಬಿಲ್ಲು ಯಾಕೆ ಬೇಕು

2025ರ ಸೆಪ್ಟೆಂಬರ್–ಅಕ್ಟೋಬರ್‌ನಲ್ಲಿ ಮಧ್ಯಪ್ರದೇಶದ ಛಿಂದ್ವಾಡಾ ಜಿಲ್ಲೆಯಲ್ಲಿ ಮಕ್ಕಳು ಒಬ್ಬರ ಹಿಂದೊಬ್ಬರು ಮೂತ್ರಪಿಂಡ ಸೋತು ಸತ್ತರು. ತಮಿಳುನಾಡಿನ ಕಾಂಚೀಪುರಂ ಜಿಲ್ಲೆಯಲ್ಲಿ ತಯಾರಾದ ಕೋಲ್ಡ್ರಿಫ್ ಎಂಬ ಕೆಮ್ಮಿನ ಸಿರಪ್‌ನಲ್ಲಿ ಡೈಎಥಿಲೀನ್ ಗ್ಲೈಕಾಲ್ ಎಂಬ ವಿಷ ಶೇ 48.6ರಷ್ಟಿತ್ತು. ಕೆಟ್ಟದ್ದು ಎಂದು ಗುರುತಿಸಿದ್ದು ಬ್ಯಾಚ್ ಎಸ್‌ಆರ್–13. ಸುದ್ದಿ ಟಿವಿಯಲ್ಲಿ ಬಂದ ದಿನ ದೇಶದ ಎಷ್ಟೋ ಮನೆಗಳಲ್ಲಿ ತಾಯಂದಿರು ಬಾಟ್ಲಿ ತಿರುಗಿಸಿ ನೋಡಿರಬೇಕು. ಬಾಟ್ಲಿ ಎಸೆದವರಿಗೆ ಉಳಿಯುವ ಆಧಾರ ಬಿಲ್ಲೊಂದೇ, ಅದರಲ್ಲಿ ಬ್ಯಾಚ್ ನಂಬರ್ ಇದ್ದರೆ. ನಮ್ಮ ರಾಜ್ಯದ ಆರೋಗ್ಯ ಇಲಾಖೆ ಆಗ ಹೊರಡಿಸಿದ ಸೂಚನೆ ಈಗಲೂ ನೆನಪಿಡುವಂಥದ್ದು: ಎರಡು ವರ್ಷದೊಳಗಿನ ಮಕ್ಕಳಿಗೆ ಕೆಮ್ಮು–ನೆಗಡಿಯ ಸಿರಪ್ ಕೊಡಲೇಬಾರದು, ಐದು ವರ್ಷದೊಳಗಿನವರಿಗೂ ಸಾಮಾನ್ಯವಾಗಿ ಬೇಡ. ಮೆಣಸಿನಕಾಯಿ ಘಾಟಿಗೆ ಕೆಮ್ಮುವ ದೊಡ್ಡವರಿಗೆ ತಂದ ಬಾಟ್ಲಿಯಿಂದ ಮಗುವಿಗೆ ಅರ್ಧ ಚಮಚ ಹಾಕುವುದು ನಮ್ಮ ಕಡೆ ಮಾಮೂಲು. ಅದನ್ನು ನಿಲ್ಲಿಸಬೇಕು.

2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಬಿಲ್ಲು ಕೊಡದಿರುವುದೇ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಔಷಧಿಯ ಹೆಸರು, ಬ್ಯಾಚ್, ಎಕ್ಸ್‌ಪೈರಿ, ಪ್ರಮಾಣ, ದರ ಇರಲಿ. “ಬಿಲ್ ಹಾಕಿದ್ರ ಡಿಸ್ಕೌಂಟ್ ಇಲ್ರಿ” ಎನ್ನುವ ಅಂಗಡಿಯಲ್ಲಿ ಡಿಸ್ಕೌಂಟ್ ಬೇಡವೆನ್ನಿ. ಹಾಗೆಯೇ 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿದರೆ ಹೆಸರು, ತಯಾರಕರು, ಬ್ಯಾಚ್, ತಾರೀಕು ಕಾಣಬೇಕು. ಶೀಟಿನ ಮೇಲಿನದಕ್ಕೂ ಫೋನಿನಲ್ಲಿ ಕಂಡದ್ದಕ್ಕೂ ತಾಳೆಯಾಗದಿದ್ದರೆ ಅಲ್ಲೇ ವಾಪಸ್ ಕೊಡಿ.

ಚೀಟಿ ಕೇಳುವ ಅಂಗಡಿಯೇ ಒಳ್ಳೆಯ ಅಂಗಡಿ

ಸರಣಿ ಅಂಗಡಿಗಳ ಮೇಲೆ ಜನರ ದೊಡ್ಡ ದೂರೇ ಇದು: “ಚೀಟಿ ಇಲ್ದ ಒಂದ ಗುಳಿಗಿ ಕೊಡಂಗಿಲ್ಲ ನೋಡ್ರಿ.” ಈ ವಿಷಯದಲ್ಲಿ ನಾನು ಅಂಗಡಿಯವರ ಪರ. ಎಡ ಮೂಲೆಯಲ್ಲಿ ಆರ್‌ಎಕ್ಸ್ ಗುರುತು ಇರುವುದು ಶೆಡ್ಯೂಲ್ ಎಚ್, ಅದಕ್ಕೆ ಚೀಟಿ ಬೇಕು. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ ಶೆಡ್ಯೂಲ್ ಎಚ್1 ಇನ್ನೂ ಬಿಗಿ. ಸೆಫಿಕ್ಸಿಮ್‌ನಂಥ ಆ್ಯಂಟಿಬಯೋಟಿಕ್, ಕ್ಷಯದ ಔಷಧಿಗಳು, ಅಲ್ಪ್ರಝೋಲಾಂ, ಟ್ರಮಡಾಲ್ ಇದರಲ್ಲಿವೆ. ಇವನ್ನು ಮಾರಿದರೆ ವೈದ್ಯರ ಹೆಸರು–ವಿಳಾಸ, ರೋಗಿಯ ಹೆಸರು, ಔಷಧಿ, ಪ್ರಮಾಣ ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಕೇಳಿದವರಿಗೆಲ್ಲ ಕೊಡುವ ಅಂಗಡಿ ನಿಮಗೆ ಉಪಕಾರ ಮಾಡುತ್ತಿಲ್ಲ.

ಕೆಂಪು ಗೆರೆ ಇರುವ ಶೀಟು ಕಂಡರೆ ಸ್ವಂತ ವೈದ್ಯಕೀಯ ಬೇಡ ಎಂದು ತಿಳಿಯಿರಿ. ಜ್ವರ ಬಂತೆಂದು ಎರಡು ಅಝಿತ್ರೊಮೈಸಿನ್ ನುಂಗಿ, ಇಳಿಯಿತೆಂದು ಮೂರನೆಯದನ್ನು ಡಬ್ಬಿಗೆ ಹಾಕುವವರು ನಮ್ಮಲ್ಲಿ ಓದಿದವರೇ ಹೆಚ್ಚು.

ಇದಕ್ಕಿಂತ ಕೆಟ್ಟದ್ದು ಕಾಗದದ ಪೊಟ್ಟಣ. ಮೊಣಕಾಲು ನೋವು, ಸೊಂಟ ನೋವು, ಮೈಕೈ ನೋವಿಗೆ ಬೇರೆ ಬೇರೆ ಡಬ್ಬಿಯಿಂದ ಒಂದೊಂದು ಗುಳಿಗೆ ತೆಗೆದು ‘ಮುಂಜಾನಿ ಒಂದು, ಸಂಜಿ ಒಂದು’ ಎಂದು ಸುತ್ತಿಕೊಡುವ ಪದ್ಧತಿ ಹಳ್ಳಿಗಳ ಕಡೆ ಇನ್ನೂ ಸತ್ತಿಲ್ಲ. ಒಂದೇ ದಿನಕ್ಕೆ ನೋವು ಮಾಯವಾಗಿ ಹಸಿವೆ ಹೆಚ್ಚಿ ಮುಖ ತುಂಬಿಕೊಂಡರೆ ಅದರಲ್ಲಿ ಡೆಕ್ಸಾಮೆಥಸೋನ್‌ನಂಥ ಸ್ಟೀರಾಯ್ಡ್ ಇರುವ ಸಂಶಯ ಪಡಬೇಕು. ತಿಂಗಳುಗಟ್ಟಲೆ ತಿಂದರೆ ಸಕ್ಕರೆ ಏರುತ್ತದೆ, ಎಲುಬು ಸವೆಯುತ್ತದೆ. ಹಾಗೆಂದು ದಿಢೀರನೆ ಬಿಡುವುದೂ ಅಪಾಯ. ಪೊಟ್ಟಣ ಹಿಡಿದುಕೊಂಡೇ ಸರ್ಕಾರಿ ದವಾಖಾನೆಗೆ ಹೋಗಿ ತೋರಿಸಿ. ಹೆಸರಿಲ್ಲದ ಗುಳಿಗೆಯನ್ನು ಯಾರೇ ಕೊಟ್ಟರೂ ನುಂಗಬೇಡಿ.

ಮೊಬೈಲ್ ನಂಬರ್ ಕೊಡಬೇಕೆ? ಬಿಲ್ಲಿಗಾಗಿ ನಂಬರ್ ಕಡ್ಡಾಯ ಮಾಡಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಚಿಲ್ಲರೆ ಮಾರಾಟಗಾರರಿಗೆ ಸೂಚಿಸಿತ್ತು. ಕೊಟ್ಟರೆ ನೀವು ಯಾವ ಕಾಯಿಲೆಗೆ ಏನು ತಿನ್ನುತ್ತೀರಿ ಎಂಬ ಚರಿತ್ರೆ ಅವರ ಕಂಪ್ಯೂಟರಿನಲ್ಲಿ ಬೆಳೆಯುತ್ತದೆ; ಕಳೆದ ತಿಂಗಳ ಬಿಲ್ಲು ಸುಲಭವಾಗಿ ಸಿಗುವ ಅನುಕೂಲವೂ ಉಂಟು. ತೀರ್ಮಾನ ನಿಮ್ಮದು. ಎಚ್1 ರಿಜಿಸ್ಟರಿಗೆ ರೋಗಿಯ ಹೆಸರು ಕೇಳಿದರೆ ಮಾತ್ರ ಹೇಳಲೇಬೇಕು.

ವಾಪಸ್, ಮತ್ತು ಫ್ರಿಜ್

ಉಳಿದ ಔಷಧಿ ವಾಪಸ್ ಪಡೆಯುವುದು ಅಂಗಡಿಯ ರೀತಿಗೆ ಬಿಟ್ಟದ್ದು. ಬಿಲ್ಲು ಇದ್ದು ಶೀಟು ಕತ್ತರಿಸದೆ ಇದ್ದರೆ ಹಲವರು ತೆಗೆದುಕೊಳ್ಳುತ್ತಾರೆ. ಆದರೆ ತಪ್ಪು ಔಷಧಿ, ಎಕ್ಸ್‌ಪೈರಿ ಆದದ್ದು, ಒಡೆದ ಬಾಟ್ಲಿ ಇವು ದೋಷದ ಮಾಲು. “ಮಾರಿದ ಮಾಲು ವಾಪಸ್ ಇಲ್ಲ” ಎಂಬ ಬೋರ್ಡು ಇವಕ್ಕೆ ನಡೆಯದು. ಬಿಲ್ಲಿನಲ್ಲಿ ಅವಧಿ ಹೇಳಿರದಿದ್ದರೆ 30 ದಿನದೊಳಗೆ ದೋಷದ ಮಾಲನ್ನು ಹಿಂದೆ ಪಡೆಯಬೇಕೆಂದು ಗ್ರಾಹಕ ಕಾಯ್ದೆ ಹೇಳುತ್ತದೆ.

ಇನ್ಸುಲಿನ್ ಮತ್ತು ಕೆಲವು ಲಸಿಕೆಗಳನ್ನು ಅಂಗಡಿಯವರು ವಾಪಸ್ ಪಡೆಯದಿದ್ದರೆ ಅದು ಸರಿಯೇ. 2ರಿಂದ 8 ಡಿಗ್ರಿಯಲ್ಲಿರಬೇಕಾದದ್ದು ನಿಮ್ಮ ಮನೆಯಲ್ಲಿ ಹೇಗಿತ್ತೆಂದು ಅವರಿಗೆ ಗೊತ್ತಿಲ್ಲ. ಇದೇ ಮಾತನ್ನು ನೀವೂ ಅವರಿಗೆ ಕೇಳಬೇಕು. ಏಪ್ರಿಲ್ ಬಿಸಿಲಿನಲ್ಲಿ ಕರೆಂಟು ಹೋದಾಗ ಫ್ರಿಜ್‌ಗೆ ಇನ್ವರ್ಟರ್ ಇದೆಯೇ, ಇನ್ಸುಲಿನ್ ಇಟ್ಟ ಫ್ರಿಜ್‌ನಲ್ಲೇ ತಂಪು ಪಾನೀಯವೂ ಇದೆಯೇ ಎಂದು ಕಣ್ಣಾಡಿಸಿ. ಕೊಂಡದ್ದನ್ನು ಐಸ್ ಪ್ಯಾಕ್ ಜೊತೆ ಬಟ್ಟೆಯಲ್ಲಿ ಸುತ್ತಿ ತನ್ನಿ, ಐಸ್‌ಗೆ ನೇರ ತಾಗಬಾರದು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬಾರದು. ಬಸ್ಸಿನಲ್ಲಿ ಎಂಜಿನ್ ಪಕ್ಕದ ಸೀಟಿನ ಕೆಳಗೆ ಚೀಲ ಇಡಬೇಡಿ.

ದುಡ್ಡೇ ಕೊಡದೆ, ಕಡಿಮೆ ಕೊಟ್ಟು

ಬಿಪಿ, ಸಕ್ಕರೆಯ ಸಾಮಾನ್ಯ ಗುಳಿಗೆಗಳು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ, ತಾಲ್ಲೂಕು ಆಸ್ಪತ್ರೆಗಳಲ್ಲಿ, ಹಾವೇರಿಯ ಜಿಲ್ಲಾ ಆಸ್ಪತ್ರೆಯಲ್ಲಿ ಉಚಿತ. ರಾಜ್ಯದ ಗೃಹ ಆರೋಗ್ಯ ಯೋಜನೆಯಲ್ಲಿ ಸಿಬ್ಬಂದಿ ಮನೆಗೇ ಬಂದು ಬಿಪಿ, ಸಕ್ಕರೆ ನೋಡುತ್ತಾರೆ. ನಿಮ್ಮ ಓಣಿಯ ಆಶಾ ಕಾರ್ಯಕರ್ತೆಯನ್ನು ಕೇಳಿ. ರಿಯಾಯಿತಿ ಬೋರ್ಡು ನೋಡುತ್ತ ನಿಲ್ಲುವ ಮೊದಲು ಇಲ್ಲಿ ವಿಚಾರಿಸುವುದು ಮೇಲು. ಆದರೆ ‘ಸ್ಟಾಕ್ ಇಲ್ಲ’ ಎಂಬ ಉತ್ತರಕ್ಕೂ ತಯಾರಿರಬೇಕು, ಅದಕ್ಕೇ ಗುಳಿಗೆ ಮುಗಿಯುವ ವಾರ ಮೊದಲೇ ಹೋಗಿ.

ಇನ್ನು ಜನೌಷಧಿ. 2008ರಲ್ಲಿ ಶುರುವಾದ ಈ ಯೋಜನೆಯ ಕೇಂದ್ರಗಳು 2025ರ ಹೊತ್ತಿಗೆ ದೇಶದಲ್ಲಿ 15,000 ದಾಟಿದವು. ಬ್ರ್ಯಾಂಡ್‌ಗಿಂತ ದರ ಶೇ 50ರಿಂದ 90ರಷ್ಟು ಕಡಿಮೆ ಎಂಬುದು ಸರ್ಕಾರದ ಲೆಕ್ಕ. ಬಿಲ್ಲು ಹಿಡಿದು ಹೋಲಿಸಿದರೆ ದಿನವಹಿ ಗುಳಿಗೆಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಹತ್ತಿರದ ಕೇಂದ್ರ ಯಾವುದು, ದರ ಎಷ್ಟು ಎಂಬುದನ್ನು ‘ಜನೌಷಧಿ ಸುಗಮ್’ ಆ್ಯಪ್ ಅಥವಾ 1800 180 8080 ಹೇಳುತ್ತದೆ. ಸರ್ಕಾರಿ ಆಸ್ಪತ್ರೆಗಳ ಆವರಣದಲ್ಲಿರುವ ಜನೌಷಧಿ ಕೇಂದ್ರಗಳನ್ನು ಮುಚ್ಚಿಸಲು ರಾಜ್ಯ ಸರ್ಕಾರ 2025ರ ಮೇ ತಿಂಗಳಲ್ಲಿ ಆದೇಶಿಸಿತ್ತು. ಆಸ್ಪತ್ರೆಯೇ ಉಚಿತವಾಗಿ ಕೊಡುವಾಗ ಅಲ್ಲಿ ಅಂಗಡಿ ಯಾಕೆ ಎಂಬುದು ಸರ್ಕಾರದ ವಾದ. ಅಂಗಡಿ ನಡೆಸುವವರು ಹೈಕೋರ್ಟಿನ ಧಾರವಾಡ ಪೀಠಕ್ಕೆ ಹೋಗಿ ಜುಲೈನಲ್ಲಿ ತಡೆ ತಂದರು. ಆಸ್ಪತ್ರೆಯೊಳಗೆ ಔಷಧಿ ಇಲ್ಲದ ದಿನ ರೋಗಿಗೆ ಹೊರಗಿನ ಅಗ್ಗದ ಅಂಗಡಿ ಬೇಕೇ ಬೇಕು ಎಂಬುದು ನನ್ನ ಅನಿಸಿಕೆ.

ಜನೌಷಧಿಯಲ್ಲಿ ಬ್ರ್ಯಾಂಡ್ ಹೆಸರು ಕೇಳಿದರೆ ಸಿಗದು. ಒಳಗಿನ ಹೆಸರು, ಮಿಲಿಗ್ರಾಂ, ಬಾಲ ಮೂರನ್ನೂ ಬರೆಸಿಕೊಂಡು ಹೋಗಿ. ತಿಂಗಳ ಔಷಧಿ ಒಮ್ಮೆಲೆ ತರುವುದಾದರೆ ಬ್ಯಾಡಗಿಯಿಂದ ಹಾವೇರಿಗೆ ಹೋಗಿಬರುವುದೂ ನಷ್ಟವಲ್ಲ, 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಖರ್ಚೂ ಇಲ್ಲ. 

ದೂರು ಎಲ್ಲಿ

ಎಂಆರ್‌ಪಿಗಿಂತ ಹೆಚ್ಚು ಪಡೆದರೆ ಅಥವಾ ಸುಮ್ಮನೆ ಮಾರಲು ನಿರಾಕರಿಸಿದರೆ ಎನ್‌ಪಿಪಿಎಯ 1800 111 255. ಬಿಲ್ಲು, ವಾಪಸ್, ಮೋಸದ ರಿಯಾಯಿತಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915, ಕನ್ನಡದಲ್ಲೂ ಮಾತಾಡಬಹುದು. ಔಷಧಿ ತಿಂದ ಮೇಲೆ ಮೈಮೇಲೆ ಗಂಧೆ, ಉಸಿರಾಟದ ತೊಂದರೆಯಂಥದ್ದು ಆದರೆ ಮೊದಲು ದವಾಖಾನೆ, ಆಮೇಲೆ ಅಡ್ಡಪರಿಣಾಮ ದಾಖಲಿಸುವ 1800 180 3024. ಲೈಸೆನ್ಸ್, ಫಾರ್ಮಾಸಿಸ್ಟ್ ಇಲ್ಲದಿರುವುದು, ಹೆಸರಿಲ್ಲದ ಪೊಟ್ಟಣ, ಸಂಶಯದ ಗುಣಮಟ್ಟ ಇವುಗಳಿಗೆ ಹಾವೇರಿಯ ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಬರಹದಲ್ಲಿ ಕೊಡಿ. ಕೊಂಡ ಔಷಧಿಯನ್ನು ಶುಲ್ಕ ಕಟ್ಟಿ ಸರ್ಕಾರಿ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸುವ ಹಕ್ಕು 1940ರ ಕಾಯ್ದೆಯ 26ನೆಯ ಕಲಮಿನಲ್ಲಿ ಸಾಮಾನ್ಯ ಗ್ರಾಹಕನಿಗೂ ಇದೆ. ಬೆಂಗಳೂರಿನದಲ್ಲದೆ ಹುಬ್ಬಳ್ಳಿಯಲ್ಲೂ ರಾಜ್ಯದ ಔಷಧ ಪರೀಕ್ಷಾ ಪ್ರಯೋಗಾಲಯವಿದೆ.

ಹಣ ನಷ್ಟವಾಗಿದ್ದರೆ, ಆರೋಗ್ಯ ಕೆಟ್ಟಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಎರಡು ವರ್ಷದೊಳಗೆ ಹೋಗಬೇಕು. 5 ಲಕ್ಷ ರೂಪಾಯಿವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ವಕೀಲರು ಬೇಕೇ ಬೇಕೆಂದೂ ಇಲ್ಲ. ಜೊತೆಗೆ ಒಯ್ಯಬೇಕಾದದ್ದು ವೈದ್ಯರ ಚೀಟಿ, ಬಿಲ್ಲು, ಉಳಿದ ಗುಳಿಗೆಗಳಿರುವ ಶೀಟು ಅಥವಾ ಬಾಟ್ಲಿ. ಬಾಟ್ಲಿಯನ್ನು ತೊಳೆಯಬೇಡಿ. ಬಿಲ್ಲು ಥರ್ಮಲ್ ಕಾಗದದ್ದಾದರೆ ಕೆಲವೇ ತಿಂಗಳಲ್ಲಿ ಅಕ್ಷರ ಅಳಿಸಿಹೋಗುತ್ತದೆ. ಕೊಂಡ ದಿನವೇ ಫೋಟೊ ತೆಗೆದಿಡಿ, ಇಲ್ಲವೇ ಪಕ್ಕದ ಝೆರಾಕ್ಸ್ ಅಂಗಡಿಯಲ್ಲಿ ಒಂದು ಪ್ರತಿ ಮಾಡಿಸಿ.